ಕಂಬಳಿಯ ಬಾಬ್ತು

ಎಂಟು ಹೊಡೆಯಿತು, ನಿಮ್ಮ ಕಾನೂನಿಗೂ ಎಚ್ಚರವಾಯಿತು.
ಎಂಟಕ್ಕೆ ಮುಂಚೆ ಕರೆ ಮಾಡುವಂತಿಲ್ಲವಂತೆ;
ಎಂಟಾಗಿ ಒಂದು ನಿಮಿಷಕ್ಕೆ
ಅಡುಗೆಮನೆಯ ಗೋಡೆಯಲ್ಲಿ ನೀವು.

ಹ್ಞೂಂ, ಲಿಯೋನಾನೇ ಮಾತಾಡುತ್ತಿರುವುದು.
ಅವನಿಲ್ಲ. ಹೊರಗೆ ಹೋಗಿದ್ದಾನೆ ಅಂತಲ್ಲ, ಇಲ್ಲ.
ಮೊನ್ನೆಯೂ ಹೇಳಿದೆ, ಆಚೆ ಮೊನ್ನೆಯೂ,
ನಿಮಗಿಂತ ಮುಂಚಿನ ಕಂಪನಿಯ ಹುಡುಗಿಗೂ.
ಮೂಗು ಕಟ್ಟಿದ ದನಿಯವಳು, ಪಾಪ,
ನೆಗಡಿಗೆ ಏನು ತಗೊಳ್ತೀಯಮ್ಮ ಅಂದರೆ
ಫೋನಿಟ್ಟುಬಿಟ್ಟಳು.

ಮತ್ತೆ, ಅದು ನೊವಿಕಿ ಅಲ್ಲ. ನೊವಿಟ್ಸ್ಕಿ.
ಕಾಜಿಮಿರ್ ನೊವಿಟ್ಸ್ಕಿ. ನಾಲಿಗೆ ಹಲ್ಲಿಗೆ ತಾಗಬೇಕು.
ಹಾಂ, ಬಂತು.
ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಕ್ಯಾಜ್ ಎಂದೇ ಕೂಗಿದರು ಅವನನ್ನು.
ಪೂರ್ತಿ ಹೆಸರು ಹಿಡಿದು ಕರೆದವರು ಮೂರೇ ಜನ:
ಅವನಮ್ಮ, ನಮ್ಮ ಮದುವೆ ಮಾಡಿಸಿದ ಪಾದ್ರಿ,
ಈಗ ದಿನಾ ಬೆಳಿಗ್ಗೆ ನೀವು.

ಗೊತ್ತು. ನಲವತ್ತೊಂದು ಸಾವಿರದ ಇನ್ನೂರ ಆರು ಡಾಲರು.
ಸಾಲ ಎನ್ನುತ್ತೀರಿ.
ಸಾಲವೆಂದರೆ ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.
ಇಲ್ಲಿ ನೋಡಿದರೆ ಈರಭದ್ರ
ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ,
ಕೊಟ್ಟವರು ಪಾಳಿ ಮುಗಿಸಿ ಮನೆಗೆ ಹೋದರು.
ನೀವು ನಡುವೆ ಬಂದವರು; ಡಾಲರಿಗೆ ನಾಲ್ಕು ಸೆಂಟಿನಂತೆ,
ಸಂಜೆ ಸಂತೆಯಲ್ಲಿ ಬಾಡಿದ ಸೊಪ್ಪು ಎತ್ತಿದಂತೆ
ಎತ್ತಿಕೊಂಡವರು. ಪಕ್ಕದ ಮನೆಯ ಥ್ಯಾಡಿಯಸ್ ಲೆಕ್ಕ ಹಾಕಿದ:
ನನ್ನ ಗಂಡ, ಇಡಿಯಾಗಿ, ನಿಮಗೆ ಬಿದ್ದದ್ದು
ಸಾವಿರದ ಆರುನೂರು ಚಿಲ್ಲರೆ.
ಮೊದಲೇ ಹೇಳಿದ್ದರೆ
ಕಾರು ಮಾರಿ ನಾನೇ ಕೊಳ್ಳುತ್ತಿದ್ದೆನಲ್ಲ.

ಬೈಯುತ್ತಿಲ್ಲ, ಕೇಳಿ.
ಬಾಬ್ತುವಾರು ಪಟ್ಟಿ ತರಿಸಿಕೋ ಎಂದಳು ಲೈಬ್ರರಿಯ ಹೆಂಗಸು.
ಮೂರು ಕಾಗದ ಬರೆದೆ. ನಿನ್ನೆ ಬಂತು, ಹದಿನೇಳು ಹಾಳೆ.
ರಾತ್ರಿಯೆಲ್ಲ ಓದಿದೆ.
ಹತ್ತಿ ಇಷ್ಟು, ಸೂಜಿ ಇಷ್ಟು,
ಯಾರದೋ ಕೈಗೆ ಹಾಕಿದ ಗ್ಲೌಸು ನಮ್ಮ ಲೆಕ್ಕಕ್ಕೆ;
ಅಂಗಡಿಯಲ್ಲಿ ಡಬ್ಬಿಯೇ ಬರುವ ದುಡ್ಡಿಗೆ ಒಂದೇ ಮಾತ್ರೆ.
ಎದೆಯ ಫೋಟೋ ಆರು.
ಮನೆಯಲ್ಲಿ ಅವನ ಫೋಟೋ ಇರುವುದೇ ನಾಲ್ಕು.

ಹನ್ನೊಂದನೆಯ ಹಾಳೆ. ಫೆಬ್ರವರಿ ಒಂಬತ್ತು,
ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ:
ಬಿಸಿ ಮಾಡಿದ ಕಂಬಳಿ, ಒಂದು. ಹದಿನೆಂಟು ಡಾಲರು.

ಆ ರಾತ್ರಿ ನಾನಿರಲಿಲ್ಲ.
ಹಿಮ ಸುರಿಯುತ್ತಿತ್ತು, ಬಸ್ಸು ನಿಲ್ಲುವ ಮುಂಚೆ ಹೊರಡಿ ಎಂದು
ನರ್ಸೇ ಕಳಿಸಿದ್ದಳು.
ಬೂಟು ಬಿಚ್ಚದೆ ಬಿದ್ದುಕೊಂಡೆ, ಕೊರಡಿನಂಥ ನಿದ್ದೆ.
ಆರಕ್ಕೆ ಫೋನು. ಇದೇ ಫೋನು.
ಹಗಲೆಲ್ಲ ಕುಲುಮೆಯ ಮುಂದೆ ಬೆಂದವನಿಗೆ
ರಾತ್ರಿ ಕಾಲು ತಣ್ಣಗೆ, ಯಾವಾಗಲೂ;
ಎರಡು ವರ್ಷ ನನ್ನೊಳಗೆ ಅವನು
ಆ ಕಬ್ಬಿಣದ ಮಂಚದ ಮೇಲೆ ನಡುಗುತ್ತಲೇ ಇದ್ದ.
ಈಗ ನಿಮ್ಮ ಪಟ್ಟಿ ಹೇಳುತ್ತಿದೆ, ಯಾರೋ ಬಂದರು.
ಹೊದಿಸಿದರು.
ಪಾದದ ಬದಿಗೆ ಒತ್ತಿ ಸಿಕ್ಕಿಸಿದರೋ ಇಲ್ಲವೋ,
ಅದಕ್ಕೆ ದರ ಹಾಕಿಲ್ಲ.

ಬರೆದುಕೊಳ್ಳಿ. ಹದಿನೆಂಟು ಡಾಲರಿಗೆ ಚೆಕ್ಕು ಬರೆದಿದ್ದೇನೆ.
ಅದೊಂದು ಸಾಲ ನನ್ನದು, ಒಪ್ಪುತ್ತೇನೆ.
ಉಳಿದದ್ದಕ್ಕೆ ಕೋರ್ಟಿಗೆ ಕರೆಸಿ, ಬರುತ್ತೇನೆ,
ನನ್ನ ಹತ್ತಿರ ಒಳ್ಳೆಯ ಕೋಟಿದೆ.

ಏನಂದಿರಿ? ದನಿ ಯಾಕೆ ಇಳಿಸಿದಿರಿ?
ಕಳಿಸಬೇಡಿ, ಅಂದಿರಾ?
ಹದಿನೆಂಟು ಕೊಟ್ಟರೆ ಮೂಲೆ ಸೇರಿದ ಗಡಿಯಾರ
ಮತ್ತೆ ಮೊದಲಿನಿಂದ ಓಡತೊಡಗಬಹುದು,
ಇಡೀ ಗಂಟು ನನ್ನ ತಲೆಗೇ ಬರಬಹುದು...

ಮಗು, ಈ ಮಾತೆಲ್ಲ ರೆಕಾರ್ಡಾಗುತ್ತದೆ ಎಂದು
ಶುರುವಿನಲ್ಲಿ ನೀನೇ ಹೇಳಿದೆಯಲ್ಲ?

ಇಲ್ಲ, ನಾನೇನೂ ಕೇಳಿಸಿಕೊಳ್ಳಲಿಲ್ಲ.
ಲೈನು ಸರಿಯಿಲ್ಲ, ಗರಗರ ಅನ್ನುತ್ತಿದೆ.
ಚೆಕ್ಕು ಇರಲಿ ಫ್ರಿಜ್ಜಿನ ಬಾಗಿಲಲ್ಲಿ, ಆಯಸ್ಕಾಂತದಡಿ.
ನಾಳೆಯೂ ನೀನೇ ಮಾಡುತ್ತೀಯೋ, ಬೇರೆಯವರೋ?
ಬೇರೆಯವರಾದರೆ ಹೇಳಿಕೊಟ್ಟಿರು:
ನೊವಿಟ್ಸ್ಕಿ.
ನಾಲಿಗೆ ಹಲ್ಲಿಗೆ ತಾಗಬೇಕು.